ಇಪ್ಪತ್ತು ಅಂಗಿಯ ದೂರ

ಮಾರ್ಚ್ 3, ಸೋಮವಾರ

ಇದು ಮೊಮ್ಮಗಳ ಹಳೇ ಗಣಿತದ ನೋಟುಬುಕ್ಕು. ಮುಂದಿನ ಅರ್ಧದಲ್ಲಿ ಅವಳ ತಪ್ಪು ಲೆಕ್ಕಗಳಿವೆ, ಹಿಂದಿನ ಅರ್ಧ ಖಾಲಿ. ಡಾಕ್ಟರು ಬರೆದಿಡಿ ಅಂದದ್ದಕ್ಕೆ ಬರೆಯುತ್ತಿದ್ದೇನೆ, ನನಗೇನೂ ಬರೆಯುವ ಚಪಲವಿಲ್ಲ. ಓದಿದ್ದು ಹಳ್ಳಿಯ ನಾಲ್ಕನೇ ಕ್ಲಾಸು. ಐದನೆಯದಕ್ಕೆ ಮೇಷ್ಟರೇ ಬರಲಿಲ್ಲ.

ಬರೆಯಬೇಕಾದದ್ದು ಇಷ್ಟು: ದಿನಾ ಎಷ್ಟು ಹೊತ್ತು ಕೂತೆ, ಕಾಲು ಎಷ್ಟು ಊದಿತು.

ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ. "ಚಿಕ್ಕಮ್ಮ, ಅಮ್ಮನಿಗೆ ಮರೆವು ಜಾಸ್ತಿ ಆಗ್ತಿದೆ. ಒಂದೊಂದು ದಿನ ನನ್ನನ್ನೇ 'ನೀವು ಯಾರು, ಕೂತ್ಕೊಳ್ಳಿ' ಅಂತಾರೆ. ಇನ್ನು ಆರು ತಿಂಗಳು ಕಳೆದ್ರೆ ಯಾರ ಗುರುತೂ ಉಳಿಯಲ್ಲ ಅಂದಿದ್ದಾರೆ ಡಾಕ್ಟರು. ನೋಡ್ಬೇಕು ಅಂದ್ರೆ ಈಗಲೇ ಬನ್ನಿ. ಟಿಕೆಟ್ಟು ನಾನು ಕಳಿಸ್ತೀನಿ."

ನೋಡಬೇಕು ಅಂತ ಯಾರಿಗಿದೆ? ನನಗೆ ಕೇಳಬೇಕು ಅಂತ ಇದೆ. ಇಪ್ಪತ್ತೊಂಬತ್ತು ವರ್ಷದಿಂದ ಒಂದೇ ಒಂದು ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ನನ್ನ ಯಜಮಾನರು ಹೋದಾಗ ಯಾಕೆ ಬರಲಿಲ್ಲ? ಅವಳು ಎಲ್ಲ ಮರೆತುಬಿಟ್ಟರೆ ಆಮೇಲೆ ಯಾರನ್ನು ಕೇಳಲಿ? ಮರೆತವಳ ಜೊತೆ ಜಗಳ ಆಡುವುದೂ ಒಂದೇ, ಗೋಡೆ ಜೊತೆ ಪಗಡೆ ಆಡುವುದೂ ಒಂದೇ.

ಮಗಳು ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಹಾಗಾಗಿ ತಾನೂ ಅರ್ಧ ಡಾಕ್ಟರು ಅಂದುಕೊಂಡಿದ್ದಾಳೆ. ಪೂರ್ತಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನನ್ನ ಪಾದ ಒತ್ತಿ ನೋಡಿದರು. ಒತ್ತಿದಲ್ಲಿ ಗುಳಿ ಬಿತ್ತು.

"ಎಷ್ಟು ಗಂಟೆ ದಾರಿ ಗೊತ್ತೇನಮ್ಮಾ?"

"ಗೊತ್ತು."

"ಅಷ್ಟು ಹೊತ್ತು ಮೊದಲು ಮನೇಲಿ ಕೂತು ತೋರಿಸಿ. ಗಂಟೆಗೊಂದು ಸಲ ಎದ್ದು ನಾಲ್ಕು ಹೆಜ್ಜೆ ಹಾಕಿ. ಎಷ್ಟು ಊದುತ್ತೆ ಬರೆದಿಡಿ. ಆಮೇಲೆ ನಾನು ಪತ್ರ ಕೊಡೋದೋ ಬೇಡವೋ ನೋಡೋಣ."

ಇವತ್ತು ಕೂತದ್ದು: ಎರಡು ಅಂಗಿ. ಪಾದದ ಮೇಲಿನ ಹರಡಿನ ಸುತ್ತಳತೆ ಕೂರುವ ಮುಂಚೆ ಎಂಟೂಮುಕ್ಕಾಲು ಇಂಚು, ಎದ್ದಾಗ ಒಂಬತ್ತು.

ಮಾರ್ಚ್ 5, ಬುಧವಾರ

ಮಗಳು ಪುಸ್ತಕ ನೋಡಿ, "ಎರಡು ಅಂಗಿ ಅಂದ್ರೆ ಏನಮ್ಮಾ, ಡಾಕ್ಟ್ರಿಗೆ ಅರ್ಥ ಆಗ್ಬೇಕಲ್ಲ" ಅಂದಳು. ಡಾಕ್ಟರಿಗೆ ಅರ್ಥವಾಗದ್ದು ಬಹಳ ಇದೆ, ಅದರಲ್ಲಿ ಇದೂ ಒಂದಾಗಲಿ. ಆದರೂ ಬರೆಯುತ್ತೇನೆ.

ಅಂಗಿಯಲ್ಲಿ ಗುಂಡಿ ತೂರುವ ಕಣ್ಣಿಗೆ ನಮ್ಮ ಕಸುಬಿನಲ್ಲಿ ಕಾಜ ಅನ್ನುತ್ತಾರೆ. ಬೀದಿ ತುದಿಯ ಟೈಲರಿಗೆ ನಾನು ಕಾಜ ಹಾಕಿಕೊಡಲು ಶುರುಮಾಡಿ ಮೂವತ್ತು ವರ್ಷದ ಮೇಲಾಯಿತು. ಅವನ ಹೆಸರನ್ನು ಎಲ್ಲರೂ ಮರೆತಿದ್ದಾರೆ, 'ನಾಳೆ ಬನ್ನಿ' ಅಂತಲೇ ಕರೆಯುವುದು. ಗಿರಾಕಿಗೆ ಅವನು ಬೇರೆ ಮಾತು ಹೇಳಿದ್ದನ್ನು ಯಾರೂ ಕೇಳಿಲ್ಲ. ಮಷಿನ್ನು ಬಂದ ಮೇಲೂ ಒಳ್ಳೇ ಬಟ್ಟೆಗೆ ಕೈಯ ಕಾಜವೇ ಬೇಕು. ಒಂದು ಕಾಜಕ್ಕೆ ಆರು ನಿಮಿಷ. ಅಂಗಿಗೆ ಏಳು ಕಾಜ, ನಲವತ್ತೆರಡು ನಿಮಿಷ. ನನ್ನ ಗಡಿಯಾರ ಇದೇ, ಕೀಲಿ ಕೊಡಬೇಕಾಗಿಲ್ಲ.

ಅಕ್ಕನ ಊರಿಗೆ ಹತ್ತೂವರೆ ಗಂಟೆ ದಾರಿ. ಅಂದರೆ ಹದಿನೈದು ಅಂಗಿ. ಅವಳೇ ಬರೆದದ್ದು. ಭಾವನಿಗೆ ಹಡಗು ಕಟ್ಟುವಲ್ಲಿ ಬೆಸುಗೆ ಕೆಲಸ ಸಿಕ್ಕಿ ಇಬ್ಬರೂ ಹೋದಾಗ ಬರೆದ ಮೊದಲ ಕಾಗದ ಇನ್ನೂ ತಗಡಿನ ಡಬ್ಬಿಯಲ್ಲಿದೆ: 'ಬೆಳಿಗ್ಗೆ ಹತ್ತಕ್ಕೆ ಹೊರಟು ಅದೇ ದಿನ ರಾತ್ರಿ ಎಂಟೂವರೆಗೆ ತಲುಪಿದೆವು.' ಹತ್ತೂವರೆ ಗಂಟೆ! ನೆಂಟರ ಮನೆಯ ಮದುವೆಗೆ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕೂತವರಿದ್ದಾರೆ. ಅಷ್ಟು ಹತ್ತಿರ ಇದ್ದು ಬರಲಿಲ್ಲ.

ಮೊಮ್ಮಗಳು ಫೋನು ಒತ್ತಿ ದೂರ ಹೇಳಿದಳು. ಇವಳ ಬಾಯಿ ಹೊಲಿಗೆ ಮಷಿನ್ನಿಗಿಂತ ಜೋರು, ಅದಕ್ಕೆ ಪಟಪಟಿ ಅಂತ ನಾನಿಟ್ಟ ಹೆಸರು. "ಅಜ್ಜೀ, ನಮ್ಮ ವಿಮಾನ ನಿಲ್ದಾಣದಿಂದ ಅಲ್ಲಿಯದಕ್ಕೆ ನೇರ ಗೆರೆ ಎಳೆದ್ರೆ ಹದಿಮೂರು ಸಾವಿರದ ನಾನೂರ ಇಪ್ಪತ್ತು ಕಿಲೋಮೀಟರ್."

"ಎಳೆದವರು ಯಾರೇ ಅಷ್ಟುದ್ದ ಗೆರೆ? ಮಧ್ಯದಲ್ಲಿ ಸೀಮೆಸುಣ್ಣ ಮುಗೀಲಿಲ್ವಾ?"

ಊಟಕ್ಕೆ ಕೂತಿದ್ದ ಅಳಿಯ ತಲೆ ಎತ್ತಿದ. ಸಿಟಿ ಬಸ್ಸಿನ ಡ್ರೈವರು. ವಾರಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಮೂಕಬಸವ. "ನನ್ನ ಬಸ್ಸು ದಿನಕ್ಕೆ ನೂರರವತ್ತು ಓಡುತ್ತೆ ಅತ್ತೆ. ಎಂಬತ್ನಾಲ್ಕು ದಿನ ಆಗುತ್ತೆ." ಎರಡು ತುತ್ತು ತಿಂದು, "ಸಿಗ್ನಲ್ ಹಸಿರಿದ್ರೆ" ಅಂದ.

ಮಾರ್ಚ್ 9, ಭಾನುವಾರ

ಅಳಿಯ ಡಿಪೋದಿಂದ ಗುಜರಿಗೆ ಹಾಕಿದ್ದ ಬಸ್ಸಿನ ಸೀಟು ತಂದಿದ್ದಾನೆ. ಹೆಗಲ ಮೇಲೆ ಹೊತ್ತು ಎರಡು ಮಹಡಿ ಹತ್ತಿದನಂತೆ. ಗೋಡೆಗೆ ಆನಿಸಿಟ್ಟು, ಮುಂದೆ ಊಟದ ಕುರ್ಚಿಯನ್ನು ಬೆನ್ನು ತಿರುಗಿಸಿಟ್ಟ, ನನ್ನ ಮಂಡಿಗೆ ತಾಗುವ ಹಾಗೆ.

"ವಿಮಾನದಲ್ಲಿ ಇಷ್ಟೇ ಜಾಗ ಇರುತ್ತೆ ಅತ್ತೆ. ಮೆತ್ತೆ ಮೇಲೆ ಕೂತು ಅಭ್ಯಾಸ ಮಾಡಿದ್ರೆ ಪ್ರಯೋಜನ ಇಲ್ಲ."

ಸೀಟಿನ ಹಿಂದೆ ಯಾವನೋ ಪ್ರೇಮಿ ಬಾಣದ ಗುರುತು ಕೆತ್ತಿದ್ದಾನೆ. ಈ ವಯಸ್ಸಿನಲ್ಲಿ ಅದಕ್ಕೆ ಒರಗಿ ಕೂರುವ ಯೋಗ.

ನಾಲ್ಕು ಅಂಗಿ. ಒಂಬತ್ತೂಕಾಲು ಇಂಚು.

ಮಾರ್ಚ್ 15, ಶನಿವಾರ

ಏಳು ಅಂಗಿ. ಒಂಬತ್ತೂವರೆ. ಸೊಂಟ ಹಿಡಿದಿದೆ, ಕೈ ಬರೆಯಲು ಬಿಡುತ್ತಿಲ್ಲ. ಬಾಯಿಗೆ ಏನೂ ಆಗಿಲ್ಲ ಅಂತ ಮಗಳು ಹೇಳಿದಳು.

ಮಾರ್ಚ್ 16, ಭಾನುವಾರ

ಕೂರಲಿಲ್ಲ.

ಮಾರ್ಚ್ 24, ಸೋಮವಾರ

ಒಂಬತ್ತು ಅಂಗಿ. ಕಾಲು ಒಂಬತ್ತೂವರೆಯಲ್ಲೇ ನಿಂತಿದೆ. ಬಿಗಿ ಕಾಲುಚೀಲ ಹಾಕಿಕೊಂಡದ್ದಕ್ಕೆ ಇರಬೇಕು. ಅದನ್ನು ಹಾಕುವುದಕ್ಕೆ ಮಗಳೂ ಮೊಮ್ಮಗಳೂ ಇಬ್ಬರೂ ಬೇಕು, ದಿಂಬಿಗೆ ಗವಸು ತೊಡಿಸಿದ ಹಾಗೆ.

ಅಕ್ಕನ ಮಗ ಫೋನ್ ಮಾಡಿದ. ಕಾಗದಪತ್ರ ಆಗುತ್ತಿದೆಯಂತೆ. ಅವನಮ್ಮ ಈಗ ಗುಂಡಿ ಹಾಕಿಕೊಳ್ಳಲಾರಳಂತೆ, ಬೆರಳು ಹುಡುಕುತ್ತದೆ, ಕಣ್ಣು ಸಿಕ್ಕುವುದಿಲ್ಲ. ದಿನಾ ಬೆಳಿಗ್ಗೆ ಎದ್ದು ಬ್ಯಾಗಿಗೆ ಎರಡು ಸೀರೆ, ಒಂದು ಟವೆಲು ತುಂಬಿಕೊಂಡು ಬಾಗಿಲ ಹತ್ತಿರ ಕೂರುತ್ತಾಳಂತೆ. "ಎಲ್ಲಿಗಮ್ಮಾ ಅಂದ್ರೆ, ಹೋಗ್ಬೇಕು, ಅಲ್ಲಿ ಕಾಯ್ತಿದ್ದಾರೆ ಅಂತಾರೆ ಚಿಕ್ಕಮ್ಮ. ಎಲ್ಲಿ ಅಂತ ಹೇಳೋಕೆ ಬರಲ್ಲ."

ಈಗ ಹೊರಟಳು ಮಹಾರಾಯ್ತಿ! ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಲು.

ಆ ದಿನವನ್ನು ಬರೆದೇ ಬಿಡುತ್ತೇನೆ. ಮಂಗಳವಾರ ಬೆಳಿಗ್ಗೆ ಯಜಮಾನರು ಹೋದರು. ಒಂಬತ್ತು ಗಂಟೆಗೆ ಪಕ್ಕದ ಔಷಧಿ ಅಂಗಡಿಯಿಂದ ಅಕ್ಕನಿಗೆ ಫೋನ್ ಮಾಡಿದೆ. "ಹೊರಡ್ತೀನಿ ಕಣೇ, ನಾನು ಬರೋವರೆಗೂ ತಡಿ, ಮುಖ ನೋಡ್ಬೇಕು" ಅಂದಳು. ತಡೆದೆ. ಹತ್ತೂವರೆ ಗಂಟೆ ದಾರಿ, ಕತ್ತಲಾಗುವಷ್ಟರಲ್ಲಿ ಬರುತ್ತಾಳೆ ಅಂತ ಎಲ್ಲರಿಗೂ ಹೇಳಿದೆ. ಬರಲಿಲ್ಲ. ಬೆಳಗಾಯಿತು, ಬರಲಿಲ್ಲ. ಹಿರಿಯರೊಬ್ಬರು ಬಂದು, "ಇನ್ನು ಇಟ್ಟುಕೊಳ್ಳೋದು ಹೋದವರಿಗೆ ಮರ್ಯಾದೆ ಅಲ್ಲಮ್ಮ" ಅಂದರು. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಮುಗಿಯಿತು. ಒಂದು ಗಂಟೆಗೆ ಔಷಧಿ ಅಂಗಡಿಯವನು ಕೂಗಿದ, ಅಕ್ಕನ ಫೋನು. ಅವಳ ಹಿಂದೆ ಯಾವುದೋ ಗಂಟೆ ನಾಲ್ಕು ಸಲ ಬಾರಿಸಿತು, ಯಾವಳೋ ಹೆಂಗಸು ಮೈಕಿನಲ್ಲಿ ಏನೋ ಸಾರುತ್ತಿದ್ದಳು, ಜನರ ಗದ್ದಲ. ದೊಡ್ಡ ಅಂಗಡಿಯಲ್ಲಿ ನಿಂತಿದ್ದಾಳೆ. ಸಾಮಾನು ಕೊಳ್ಳುವಾಗ ತಂಗಿಯ ನೆನಪಾಯಿತು!

"ಕೇಳಿಲ್ಲಿ, ನಾನು..." ಅಂದಳು.

"ಎಲ್ಲ ಮುಗೀತು. ಇನ್ನು ಬಂದು ಏನು ಮಾಡ್ತೀಯ? ಬರಬೇಡ" ಅಂದು ಇಟ್ಟುಬಿಟ್ಟೆ.

ಆಮೇಲೆ ಅವಳು ಬರಲಿಲ್ಲ, ನಾನು ಕರೆಯಲಿಲ್ಲ. ವರ್ಷಕ್ಕೆರಡು ಫೋನು. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಇಡಲಾ, ಇಡು.

ಏಪ್ರಿಲ್ 6, ಭಾನುವಾರ

ಇವತ್ತು ಹದಿನೈದು ಅಂಗಿ ಮುಗಿಸಿದೆ. ಬೆಳಿಗ್ಗೆ ಏಳಕ್ಕೆ ಕೂತವಳು ಸಂಜೆ ಐದೂವರೆಗೆ ಸೂಜಿ ಇಟ್ಟೆ. 'ನಾಳೆ ಬನ್ನಿ' ಬಂದು ಹೊರೆ ನೋಡಿ ಹೌಹಾರಿದ. "ಅಮ್ಮಾ, ಹೀಗೆ ಕೊಟ್ರೆ ನಾನು ಇವತ್ತೇ ಬನ್ನಿ ಅನ್ಬೇಕಾಗುತ್ತೆ, ವ್ಯಾಪಾರ ಕೆಡುತ್ತೆ."

"ಬಂದೇ ಬಿಟ್ಟೆ ಅಕ್ಕನ ಊರಿಗೆ" ಅಂತ ನಾನು ಕಾಲು ಚಾಚಿದೆ. ಪಟಪಟಿ ಪಕ್ಕದಲ್ಲಿ ಲೆಕ್ಕ ಮಾಡುತ್ತಿದ್ದವಳು ಪೆನ್ಸಿಲು ಕಚ್ಚಿದಳು. "ಅಜ್ಜೀ, ಹತ್ತೂವರೆ ಗಂಟೇಲಿ ಹದಿಮೂರು ಸಾವಿರ ಕಿಲೋಮೀಟರ್ ಹೇಗೆ ಹೋಗುತ್ತೆ? ಅಷ್ಟು ವೇಗವಾಗಿ ಯಾವ ವಿಮಾನಾನೂ ಹೋಗಲ್ಲ."

"ನಿಮ್ಮ ದೊಡ್ಡಜ್ಜಿ ಕಾಗದ ಇದೆ ಕಣೇ. ಹತ್ತಕ್ಕೆ ಹೊರಟು ಎಂಟೂವರೆಗೆ ತಲುಪಿದ್ರು. ಅಕ್ಕನ ಮಗ ಕಳಿಸಿರೋ ಟಿಕೆಟ್ಟಲ್ಲೂ ಹಾಗೇ ಇದೆ ನೋಡು, ಅದೇ ತಾರೀಕು."

ಅವಳು ಟಿಕೆಟ್ಟು ನೋಡಿದಳು, ನನ್ನ ಮುಖ ನೋಡಿದಳು. ಅಡುಗೆಮನೆಯ ಗಡಿಯಾರವನ್ನು ಕಿತ್ತು ತಂದಳು. "ಇಲ್ಲಿ ಬೆಳಿಗ್ಗೆ ಹತ್ತು ಆದಾಗ ಅಲ್ಲಿ ಇನ್ನೂ ಹಿಂದಿನ ರಾತ್ರಿ ಹನ್ನೊಂದೂವರೆ ಅಜ್ಜಿ. ಅವರ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ. ನೀನು ಇಳಿದಾಗ ಅವರ ಗಡಿಯಾರದಲ್ಲಿ ಎಂಟೂವರೆ, ನಮ್ಮದರಲ್ಲಿ ಮರುದಿನ ಬೆಳಿಗ್ಗೆ ಏಳು."

"ಅಂದ್ರೆ ನಾನು ಇವತ್ತು ಹೊರಟು ನಿನ್ನೆಯ ಊರಿಗೆ ಹೋಗ್ತೀನಾ?"

"ಹೂಂ. ನಿಜವಾದ ದಾರಿ ಇಪ್ಪತ್ತೊಂದು ಗಂಟೆ. ಮೊದಲ ವಿಮಾನ ನಾಲ್ಕು ಗಂಟೆ, ಮಧ್ಯದಲ್ಲಿ ಇಳಿದು ಮೂರು ಗಂಟೆ ಕಾಯೋದು, ಎರಡನೇದು ಹದಿನಾಲ್ಕು ಗಂಟೆ. ನಿಂಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ, ಗೊತ್ತು ಅಂದವಳಿಗೆ ಯಾರು ಹೇಳುತ್ತಾರೆ?

ಹದಿನಾಲ್ಕು ಗಂಟೆ ಅಂದರೆ ಇಪ್ಪತ್ತು ಅಂಗಿ, ಒಂದೇ ಸೀಟಿನಲ್ಲಿ.

ಏಪ್ರಿಲ್ 7, ಸೋಮವಾರ

ಇವತ್ತು ಕೂರಲಿಲ್ಲ. ಸೂಜಿಯನ್ನೂ ಮುಟ್ಟಲಿಲ್ಲ. ಪಟಪಟಿಯ ಪೆನ್ಸಿಲು ತೆಗೆದುಕೊಂಡು ಈ ಪುಸ್ತಕದ ಹಿಂದೆ ಬರೆದೆ, ಅಳಿಸಿದೆ, ಬರೆದೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಫೋನ್ ಮಾಡಿದಾಗ ಅಲ್ಲಿ ಸೋಮವಾರ ರಾತ್ರಿ ಹತ್ತೂವರೆ. ಮಲಗುವ ಹೊತ್ತು. ಆಗಲೇ ಎದ್ದು ಓಡಿದ್ದರೂ, ಬಾಗಿಲಲ್ಲೇ ವಿಮಾನ ನಿಂತಿದ್ದರೂ, ಇಪ್ಪತ್ತೊಂದು ಗಂಟೆ ಕೂಡಿಸಿದರೆ ನಮ್ಮ ಬುಧವಾರ ಬೆಳಿಗ್ಗೆ ಆರು. ವಿಮಾನ ಯಾರ ಬಾಗಿಲಲ್ಲೂ ನಿಂತಿರುವುದಿಲ್ಲ. ಮಾರನೆಯ ದಿನದ ವಿಮಾನ ಹಿಡಿದಿದ್ದರೆ ಬುಧವಾರ ಹೊತ್ತು ಮುಳುಗಬೇಕಿತ್ತು.

ನಾನು ಮಂಗಳವಾರ ಸಂಜೆಯಿಂದಲೇ ಬಾಗಿಲಲ್ಲಿ ನಿಂತಿದ್ದೆ. ಅವಳ ಊರಿನಲ್ಲಿ ಆಗ ಮಂಗಳವಾರದ ಬೆಳಗೇ ಸರಿಯಾಗಿ ಆಗಿರಲಿಲ್ಲ.

ಸರಿ, ಬರಲು ಆಗುತ್ತಿರಲಿಲ್ಲ. ಒಪ್ಪಿದೆ. ಆದರೆ ಹೊರಡಬಹುದಿತ್ತು. ತಲುಪದಿದ್ದರೆ ಬೇಡ, ಹೊರಟಿದ್ದರೆ ಸಾಕಾಗಿತ್ತು. ಅಂಗಡಿ ಸುತ್ತಲು ಹೊತ್ತಿತ್ತಲ್ಲ. ಅದನ್ನು ಕೇಳಿಯೇ ಕೇಳುತ್ತೇನೆ.

ಏಪ್ರಿಲ್ 9, ಬುಧವಾರ

ಅಳಿಯನಿಗೆ ಹೇಳಿದೆ, ಇಪ್ಪತ್ತೊಂದು ಗಂಟೆಯಂತೆ ಕಣಪ್ಪ, ನನ್ನ ಕೈಲಾಗುತ್ತಾ ಅಂತ. ಮೂವತ್ತು ವರ್ಷಕ್ಕೆ ಮುಂಚೆ ಅವನಿಗೆ ಡ್ರೈವಿಂಗ್ ಕಲಿಸಿದವರು ಹೇಳಿದ್ದರಂತೆ: "ಇಡೀ ದಾರಿ ನೋಡಬೇಡ. ಮುಂದಿನ ಸ್ಟಾಪು ನೋಡು."

ಇವನಿಗೆ ನಾನು ಇಟ್ಟ ಹೆಸರು ಸರಿಯಿಲ್ಲ. ಬದಲಾಯಿಸಲು ಈಗ ಪುರುಸೊತ್ತಿಲ್ಲ.

ಏಪ್ರಿಲ್ 20, ಭಾನುವಾರ

ಇಪ್ಪತ್ತು. ಬೆಳಿಗ್ಗೆ ಆರರಿಂದ ರಾತ್ರಿ ಎಂಟು.

ಟೈಲರ ಬಳಿ ಅಷ್ಟು ಅಂಗಿ ಇರಲಿಲ್ಲ. ಹದಿನೆಂಟಕ್ಕೆ ಅವನ ಹೊರೆ ಮುಗಿಯಿತು. ಆಮೇಲೆ ನನ್ನದೇ ಒಂದು ಹಳೇ ಮೆತ್ತನೆಯ ಹತ್ತಿ ಸೀರೆ ತೆಗೆದೆ. 'ನಾಳೆ ಬನ್ನಿ'ಯಿಂದ ಮೊದಲೇ ಅದನ್ನು ಮುಂದೆ ತೆರೆಯುವ ಉದ್ದನೆಯ ನಿಲುವಂಗಿಗೆ ಕತ್ತರಿಸಿ ಹೊಲಿಸಿಟ್ಟಿದ್ದೆ. "ಯಾರ ಅಳತೆ?" ಅಂದ. "ನನಗಿಂತ ಒಂದು ಗೇಣು ಎತ್ತರ, ಭುಜ ನನ್ನದೇ" ಅಂದೆ. ಅಳತೆ ಇನ್ನೂ ನೆನಪಿದೆ, ಅವಳ ಹಳೇ ಬಟ್ಟೆಯನ್ನೇ ತೊಟ್ಟು ಬೆಳೆದವಳಲ್ಲವೇ ನಾನು. ಅದಕ್ಕೆ ದೊಡ್ಡ ಕಾಜ ಹಾಕಿದೆ, ಹೆಬ್ಬೆರಳು ತೂರುವಷ್ಟು. ಗುಂಡಿಯೂ ಅಷ್ಟೇ ದೊಡ್ಡದು, ಕೆಂಪು, ಕಣ್ಣು ಮುಚ್ಚಿದರೂ ಕೈಗೆ ಸಿಗಬೇಕು. ಇಷ್ಟು ದೊಡ್ಡ ಕಾಜ ನನ್ನ ಜನ್ಮದಲ್ಲಿ ಹಾಕಿರಲಿಲ್ಲ. ಒಂದೊಂದಕ್ಕೂ ಹನ್ನೆರಡು ನಿಮಿಷ ಹಿಡಿಯಿತು.

ಅವಳಿಗೋಸ್ಕರ ಅಂತೇನಲ್ಲ. ಎರಡು ಅಂಗಿ ಕಡಿಮೆ ಬಿದ್ದಿತ್ತು, ಅಷ್ಟೇ.

ಹತ್ತು ಇಂಚಿಗೆ ಎರಡು ನೂಲು ಕಡಿಮೆ, ಅಂದರೆ ಒಂಬತ್ತೂಮುಕ್ಕಾಲು.

ಏಪ್ರಿಲ್ 22, ಮಂಗಳವಾರ

ಡಾಕ್ಟರು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದರು. ಮೊಮ್ಮಗಳ ತಪ್ಪು ಲೆಕ್ಕದ ಪುಟದಲ್ಲಿ ನಿಂತು, "ಇದು ಯಾರ ಬಿಪಿ?" ಅಂದರು. ಆಮೇಲೆ ನಕ್ಕು ಪತ್ರ ಬರೆದುಕೊಟ್ಟರು. ಗಾಲಿಕುರ್ಚಿ ಕೊಡಬೇಕು ಅಂತಲೂ ಬರೆದಿದ್ದಾರೆ. ಬೇಡ ಅನ್ನಲು ಬಾಯಿ ತೆರೆದೆ, ಮಗಳು ಕೈ ಹಿಸುಕಿದಳು. ಸುಮ್ಮನಾದೆ. ನಾನು ಸುಮ್ಮನಾದದ್ದು ನೋಡಿ ಅವಳಿಗೆ ಗಾಬರಿಯಾಯಿತು. "ಅಮ್ಮಾ, ಹುಷಾರಾಗಿದ್ದೀಯ ತಾನೆ?"

ಮೇ 2, ಶುಕ್ರವಾರ

ಅಕ್ಕನ ಮಗ ಅವಳ ಕೈಗೆ ಫೋನು ಕೊಟ್ಟ. "ಯಾರು?" ಅಂದಳು. ಹೇಳಿದೆ. "ಹೌದಾ, ಸಂತೋಷ" ಅಂದಳು, ಅಂಗಡಿಯವರಿಗೆ ಹೇಳುವ ಹಾಗೆ. ಇಟ್ಟುಬಿಟ್ಟಳು.

ಇನ್ನು ಹತ್ತು ದಿನ ಇದೆ. ಹತ್ತು ದಿನ ಹಿಡಿದುಕೋ ಕಣೇ, ಅಷ್ಟು ಸಾಕು.

ಮೇ 11, ಭಾನುವಾರ

ನಾಳೆ ಹೊರಡುವುದು. ಕತ್ತರಿ ಒಯ್ಯುವ ಹಾಗಿಲ್ಲವಂತೆ. ಅದಕ್ಕೆ ಮೊಮ್ಮಗಳು ದಾರವನ್ನು ಮೊಳದುದ್ದಕ್ಕೆ ಕತ್ತರಿಸಿ ರಟ್ಟಿಗೆ ಸುತ್ತಿಕೊಟ್ಟಿದ್ದಾಳೆ. ನಿಲುವಂಗಿಗೆ ಇನ್ನೂ ಮೂರು ಕಾಜ ಬಾಕಿ ಇಟ್ಟಿದ್ದೇನೆ, ಬೇಕೆಂದೇ.

ಅಳಿಯ ಬಸ್ಸಿನ ಸೀಟನ್ನು ಗುಜರಿಗೆ ಹಿಂತಿರುಗಿಸಲೋ ಅಂತ ಕೇಳಿದ. ಇರಲಿ ಅಂದೆ. ನಾನು ಬಂದ ಮೇಲೆ ಎಲ್ಲಿ ಕೂರಲಿ?

ಮೇ 12, ಸೋಮವಾರ, ಮಧ್ಯದ ನಿಲ್ದಾಣ

ನಮ್ಮ ನಿಲ್ದಾಣ ಚಿಕ್ಕದು. ಅಲ್ಲಿ ಒಬ್ಬ ಗಂಡಸು ಗಂಟಲು ಹರಿಯುವ ಹಾಗೆ ಕೂಗಿ ಜನರನ್ನು ಕರೆದ. ಮಗಳು ಅತ್ತಳು, ಅಳಿಯ ನನ್ನ ಚೀಲದ ಪಟ್ಟಿಯನ್ನು ಐದು ಸಲ ಸರಿಮಾಡಿದ. ನಾಲ್ಕು ಗಂಟೆ ಕೂತೆ, ಆರು ಅಂಗಿಗೂ ಕಡಿಮೆ. ಅದೇನು ದೊಡ್ಡದಲ್ಲ. ಮೋಡ ಕೆಳಗೆ ಇತ್ತು, ಬಿಚ್ಚಿ ಹರಡಿದ ಹತ್ತಿಯ ಹಾಗೆ.

ಇಲ್ಲಿ ಗಾಲಿಕುರ್ಚಿ ತಳ್ಳುವ ಹುಡುಗಿಗೆ ನನ್ನ ಮಾತು ಬಾರದು, ನನಗೆ ಅವಳದು. ಸಾಲು ಕುರ್ಚಿಯ ಪಕ್ಕ ನಿಲ್ಲಿಸಿ, ಬೆರಳಲ್ಲಿ ಮೂರು ತೋರಿಸಿ, ಕೆನ್ನೆಗೆ ಕೈಯಿಟ್ಟು ಮಲಗುವ ಹಾಗೆ ಮಾಡಿ ಹೋದಳು. ಎಷ್ಟು ದೊಡ್ಡ ಜಾಗ! ಎಲ್ಲರೂ ಹೋಗುವವರೇ, ಇರುವವರು ಯಾರೂ ಇಲ್ಲ. ನೀರು ಕುಡಿದೆ. ಸೂಜಿಗೆ ದಾರ ಪೋಣಿಸುತ್ತಿದ್ದೆ.

ಆಗ ಗಂಟೆ ಬಾರಿಸಿತು. ನಾಲ್ಕು ಸಲ. ಮೂರು ಏರುತ್ತಾ ಹೋಗಿ ಕೊನೆಯದು ಕೆಳಗೆ ಬಿತ್ತು. ಆಮೇಲೆ ಒಬ್ಬ ಹೆಂಗಸು ಮೈಕಿನಲ್ಲಿ ಏನೋ ಸಾರಿದಳು, ಅದನ್ನೇ ಇನ್ನೊಂದು ಭಾಷೆಯಲ್ಲಿ ಸಾರಿದಳು.

ಸೂಜಿ ಎಲ್ಲೋ ಬಿತ್ತು.

ಅದೇ ಗಂಟೆಯೋ ಅದರ ಮಗಳೋ ಗೊತ್ತಿಲ್ಲ. ಇಪ್ಪತ್ತೊಂಬತ್ತು ವರ್ಷ ಕಿವಿಯಲ್ಲಿ ಇಟ್ಟುಕೊಂಡು ಬೈದ ಸದ್ದು, ತಪ್ಪುವುದಿಲ್ಲ. ಕಾದೆ. ಕಾಲು ಗಂಟೆಗೆ ಮತ್ತೆ ಬಾರಿಸಿತು. ಮತ್ತೆ ಬಾರಿಸಿತು. ಎದುರಿನ ಗೋಡೆಯಲ್ಲಿ ಮೊದಲು ಏನೋ ಸಾಲಾಗಿ ನೇತುಹಾಕಿದ್ದ ಗುರುತಿದೆ, ಎದೆಯೆತ್ತರಕ್ಕೆ, ಆರು ಚೌಕ. ಫೋನುಗಳಿದ್ದವೇನೋ. ಈಗ ಎಲ್ಲರ ಜೇಬಿನಲ್ಲೂ ಇದೆ, ಕಿತ್ತು ಹಾಕಿದ್ದಾರೆ.

ಅವಳು ಅಂಗಡಿಯಲ್ಲಿ ಇರಲಿಲ್ಲ.

ಲೆಕ್ಕ ಮಾಡಿದೆ. ಪೆನ್ನಿನಲ್ಲಿ ಬರೆಯದೆ ಬೆರಳಲ್ಲೇ ಮಾಡಿದೆ. ಅವಳ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹೊರಟರೆ, ಹದಿನಾಲ್ಕು ಗಂಟೆ, ಇಲ್ಲಿ ಇಳಿದಾಗ ನಮ್ಮ ಬುಧವಾರ ಬೆಳಿಗ್ಗೆ ಹತ್ತೂವರೆ. ಒಂದು ಗಂಟೆಗೆ ಫೋನು.

ಇಪ್ಪತ್ತು ಅಂಗಿಯ ದೂರ ಮುಗಿಸಿದ್ದಳು. ಆರು ಅಂಗಿಯದು ಉಳಿದಿತ್ತು.

ನಾನು ಬರಬೇಡ ಅಂದೆ.

ಮೇ 12, ವಿಮಾನದಲ್ಲಿ

ಪಕ್ಕದವರು ಮಲಗಿದ್ದಾರೆ. ಕಾಜ ಹಾಕಲು ಆಗುತ್ತಿಲ್ಲ. ಇನ್ನೊಂದು ಸೂಜಿ ಇದೆ, ಕೈ ಇಲ್ಲ.

ಇಲ್ಲಿಂದ ತಿರುಗಿ ಹೋಗುವಾಗಲೂ ಅವಳು ಇದೇ ಹದಿನಾಲ್ಕು ಗಂಟೆ ಕೂತಿರಬೇಕು. ಹೋಗುವಾಗ ಏನು ನೋಡುತ್ತಾ ಕೂತಿದ್ದಳೋ.

ಮೇ 14, ಬುಧವಾರ

ಅಕ್ಕನ ಮಗ ಕರೆದುಕೊಳ್ಳಲು ಬಂದಿದ್ದ. ತಲೆ ಬೋಳಾಗಿದೆ, ಭಾವನ ಮೂಗು. ಕಾರಿನಲ್ಲೇ ಕೇಳಿದೆ. "ಆ ಸಲ ನಿಮ್ಮಮ್ಮ ಹೊರಟಿದ್ದಳೇನೋ?"

"ನಿಮಗೆ ಗೊತ್ತಿರಲಿಲ್ವಾ ಚಿಕ್ಕಮ್ಮ?" ಅವನಿಗೆ ಆಗ ಹನ್ನೆರಡು ವರ್ಷ. "ನನ್ನನ್ನ ಪಕ್ಕದ ಮನೇಲಿ ಬಿಟ್ಟು ಹೋಗಿದ್ರು. ಮೂರನೇ ದಿನ ಅದೇ ಬ್ಯಾಗ್ ಹಿಡ್ಕೊಂಡು ವಾಪಸ್ ಬಂದ್ರು. ಬಿಚ್ಚಲೇ ಇಲ್ಲ, ಹಾಗೇ ಮಂಚದ ಕೆಳಗೆ ತಳ್ಳಿದ್ರು. ತಂಗಿಗೆ ಹೇಳು ಅಂತ ಅಪ್ಪ ಎಷ್ಟು ಸಲ ಅಂದ್ರು. 'ಅರ್ಧ ದಾರಿ ಬಂದವಳು ಬಂದ ಹಾಗಲ್ಲ, ಹೇಳ್ಕೊಂಡು ಏನು' ಅಂತಿದ್ರು."

ನಮ್ಮಿಬ್ಬರಿಗೂ ಒಂದೇ ತಾಯಿ ಹಾಲು. ಬೇರೆ ಏನು ಹೇಳಿಯಾಳು?

ಮನೆಗೆ ಬಂದಾಗ ಕಿಟಕಿಯ ಪಕ್ಕ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಾಳೆ! ನನಗಿಂತ ಒಂದು ಗೇಣು ಎತ್ತರ ಅಂತ ಅಳತೆ ಕೊಟ್ಟಿದ್ದೆ, ಈಗ ಬೆನ್ನು ಬಾಗಿ ನನ್ನ ಸಮಕ್ಕೆ ಇಳಿದಿದ್ದಾಳೆ. ನನ್ನನ್ನು ನೋಡಿ ಎದ್ದು ಕೈ ಮುಗಿದು, "ಕೂತ್ಕೊಳ್ಳಿ" ಅಂದಳು.

ಕೂತೆ. ಕೂರುವುದು ಈಗ ಚೆನ್ನಾಗಿ ಬರುತ್ತದೆ.

ಮೇ 15, ಗುರುವಾರ

ಕೂತ್ಕೊಳ್ಳಿ ಅಂದಳು. ನೀವು ಎಲ್ಲಿಯವರು ಅಂದಳು.

ನಿಲುವಂಗಿಯ ಕೆಳಗಿನ ಅಂಚು ಒಂದು ಗೇಣು ಮಡಿಸಿ ಹೊಲಿದೆ. ಬಾಕಿ ಮೂರು ಕಾಜ ಹಾಕಿದೆ.

ಮೇ 17, ಶನಿವಾರ

ಬೆಳಿಗ್ಗೆ ಅವಳು ಎದ್ದು ಬ್ಯಾಗು ತುಂಬಿದಳು. ಎರಡು ಸೀರೆ, ಒಂದು ಟವೆಲು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಮೇಲೆ ಹಾಕಿದ್ದ ಸ್ವೆಟರಿನ ಗುಂಡಿ ಒಂದು ಕಣ್ಣು ಬಿಟ್ಟು ಇನ್ನೊಂದಕ್ಕೆ ಸಿಕ್ಕಿ ಸೊಟ್ಟಗಿತ್ತು. ನನಗೆ ರೇಗಿತು.

"ಏನೇ ಇದು ಅವತಾರ? ಹೀಗೇ ಹೊರಡ್ತೀಯಾ ನೆಂಟರ ಮನೆಗೆ? ಬಾ ಇಲ್ಲಿ, ತೆಗಿ ಅದನ್ನ."

ನಿಲುವಂಗಿ ತೊಡಿಸಿದೆ. ಅವಳ ಹೆಬ್ಬೆರಳನ್ನು ಹಿಡಿದು ಕಾಜದಲ್ಲಿ ತೂರಿಸಿದೆ. ಮೊದಲನೆಯದು ನಾನು ಹಾಕಿದೆ, ಎರಡನೆಯದು ಇಬ್ಬರೂ, ಮೂರನೆಯದನ್ನು ಅವಳೇ ಹಾಕಿಕೊಂಡಳು. ಕೆಂಪು ಗುಂಡಿಯನ್ನು ಸವರುತ್ತಾ ನಿಂತವಳು ನನ್ನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಅಯ್ಯೋ ನಿನ್ನ! ಒಂದೇ ದಿನಕ್ಕೆ ಕೂದಲೆಲ್ಲ ಹೀಗೆ ಬೆಳ್ಳಗಾಯ್ತಲ್ಲೇ!"

"ನಿನ್ನ ದಾರಿ ನೋಡಿ ನೋಡಿ" ಅಂದೆ.

ಬ್ಯಾಗು ಎದೆಗೆ ಅವಚಿಕೊಂಡಳು. "ಬರ್ತಾನೇ ಇದ್ದೀನಿ ಕಣೇ. ಎಷ್ಟು ದೂರ ಗೊತ್ತಾ? ತಡವಾಯ್ತಾ?"

ಅಕ್ಕನ ಮಗ ಒಳಗಿನಿಂದ ಬಂದವನು ಅಲ್ಲೇ ನಿಂತ.

"ಇಲ್ಲ. ಸರಿಯಾದ ಹೊತ್ತಿಗೆ ಬಂದೆ. ಬ್ಯಾಗು ಕೊಡು ಇಲ್ಲಿ, ಒಳಗೆ ಬಾ."

ಕೊಟ್ಟಳು. ಬ್ಯಾಗು ಬಿಚ್ಚಿ ಎರಡು ಸೀರೆಯನ್ನೂ ಗೂಟಕ್ಕೆ ಹಾಕಿದೆ, ಟವೆಲನ್ನು ಅವಳ ಹೆಗಲಿಗೆ ಹಾಕಿದೆ, ಕೈಕಾಲು ತೊಳಿ ಹೋಗು ಅಂದೆ. ತೊಳೆದು ಬಂದು ನನ್ನ ಪಕ್ಕ ಕೂತಳು. ಒರಗಿಕೊಂಡಳು. ಮಧ್ಯಾಹ್ನದವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ಕೇಳಬೇಕಾದ ಮಾತೇನೂ ಇರಲಿಲ್ಲ.

ಎಷ್ಟು ಅಂಗಿಯ ಹೊತ್ತೋ ಎಣಿಸಲಿಲ್ಲ. ಕಾಲು ಊದಿದೆ. ಟೇಪು ಚೀಲದಲ್ಲಿದೆ, ತೆಗೆದುಕೊಳ್ಳಲು ಎದ್ದರೆ ಅವಳಿಗೆ ಎಚ್ಚರವಾಗುತ್ತದೆ.